ನಾನು ಶಿವರಾಮ ಕಾರಂತರಿಗೆ ಏನಾಗಬೇಕು?

ಏನೂ ಆಗಬೇಕಿಲ್ಲ. ನನ್ನ ಹೆಸರಿನ ಕೊನೆಗೆ ಕಾರಂತ ಅಂತಿದೆ, ಅಷ್ಟೇ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದಾಗ ಕೂಡ ಇದನ್ನು ಕೇಳಿದ್ದಾರೆ. ಆಗ ಮಾತ್ರ ಉತ್ತರ ಕೊಡಬೇಕಾಗಿ ಬರಲಿಲ್ಲ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಬಿ.ವಿ. ಕಾರಂತರ ಕಡೆಯವರಾ?" ಅಲ್ಲ ಎಂದೆ. "ಅವರಿಬ್ಬರೂ ಅಣ್ಣತಮ್ಮ ಅಲ್ವಾ ಮಾರಾಯ್ರೇ?"

ಅಲ್ಲ! ಒಬ್ಬರು ಕೋಟದವರು, ಹುಟ್ಟಿದ್ದು 1902ರ ಅಕ್ಟೋಬರ್ 10. ಇನ್ನೊಬ್ಬರು ಬಂಟ್ವಾಳ ತಾಲೂಕಿನ ಮಂಚಿಯವರು, 1929ರ ಸೆಪ್ಟೆಂಬರ್ 19. ಮೊದಲನೆಯವರು ಬರೆದ 'ಚೋಮನ ದುಡಿ'ಯನ್ನು ಎರಡನೆಯವರು 1975ರಲ್ಲಿ ಸಿನಿಮಾ ಮಾಡಿದ್ದೇ ತಪ್ಪಾಯಿತು. ಜನ ಇಬ್ಬರನ್ನೂ ಒಂದೇ ಮನೆಗೆ ಸೇರಿಸಿಬಿಟ್ಟರು. ಇಷ್ಟು ಹೇಳುವಷ್ಟರಲ್ಲಿ ಪಾಯಸದವನು ನನ್ನನ್ನು ದಾಟಿ ಹೋಗಿದ್ದ.

"ಆದ್ರೂ ಎಲ್ಲೋ ಒಂದು ಸಂಬಂಧ ಇರ್ಬೇಕು" ಅಂದರು ಆತ. ಇದ್ದಿದ್ದರೆ ಸೂತಕ ಬರಬೇಕಿತ್ತಲ್ಲ ಸ್ವಾಮೀ? 1997ರ ಡಿಸೆಂಬರ್ 9ಕ್ಕೆ ಶಿವರಾಮ ಕಾರಂತರು ಹೋದರು, 2002ರ ಸೆಪ್ಟೆಂಬರ್ 1ಕ್ಕೆ ಬಿ.ವಿ. ಕಾರಂತರು. ಎರಡು ಸಲವೂ ನಮ್ಮ ಮನೆಯಲ್ಲಿ ದೇವರ ಪೂಜೆ ನಿಲ್ಲಲಿಲ್ಲ.

ತಾರೀಖುಗಳು ಹೀಗೆ ಬಾಯಿಗೆ ಬರಲು ಕಾರಣ, ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಕಾರಂತರ ಹುಟ್ಟು, ಸಾವು. ಬೇರೆ ಕೆಲಸವಿಲ್ಲವಾ ಎಂದು ಹೆಂಡತಿ ಕೇಳಿಯಾಗಿದೆ, ನೀವು ಕೇಳಬೇಡಿ. ಹೆಸರಾದವರದು ಸಲೀಸು. ನಮ್ಮ ಮನೆಯವರದೇ ಕಷ್ಟ. ಅಜ್ಜನ ಜಾತಕದಲ್ಲಿ ಇರುವುದು ಶುಭಕೃತ್ ಸಂವತ್ಸರ. ಅದು 60 ವರ್ಷಕ್ಕೊಮ್ಮೆ ಬರುತ್ತದೆ. 1902 ಆದೀತು, 1962 ಕೂಡ. ಅಪ್ಪ 1962ಕ್ಕೆ ಮೊದಲೇ ಹುಟ್ಟಿದ್ದರಿಂದ ಲೆಕ್ಕ ಸರಿಹೋಯಿತು. ಸಾವಿನದು ಉಲ್ಟಾ. ಶ್ರಾದ್ಧ ಮಾಡಬೇಕಲ್ಲ, ತಿಥಿ ಎಲ್ಲರಿಗೂ ಗೊತ್ತು. ಪುಷ್ಯ ಬಹುಳ ಪಂಚಮಿ ಎಂದು ದೊಡ್ಡಪ್ಪ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಯಾವ ಇಸವಿ ಅಂದರೆ, "ದೊಡ್ಡ ನೆರೆ ಬಂತಲ್ಲ, ಅದರ ಮರುವರ್ಷ".

ಕೇಳುವುದೇ ಆದರೆ, ನಿಮ್ಮ ಅಜ್ಜಿ ಕಾರಂತ ಆಗುವ ಮೊದಲು ಏನಾಗಿದ್ದರು ಅಂತ ಕೇಳಿ. ಶಿವರಾಮ ಕಾರಂತರ ಹೆಂಡತಿ ಲೀಲಾ ಕಾರಂತರು 1936ರಲ್ಲಿ ಮದುವೆಯಾಗುವ ತನಕ ಲೀಲಾ ಆಳ್ವ ಆಗಿದ್ದರು ಎಂಬುದು ಪುಸ್ತಕಗಳಲ್ಲಿ ಸಿಗುತ್ತದೆ. ನಮ್ಮ ಅಜ್ಜಿಯದು ಎಲ್ಲಿ ಸಿಗಬೇಕು? ಹುಡುಕಿಕೊಂಡು ಅವರ ತವರಿಗೇ ಹೋದೆ. ಅಲ್ಲಿನ ಹಿರಿಯರು ಅಟ್ಟದಿಂದ ಹಳೇ ಲೆಕ್ಕದ ಪುಸ್ತಕ ಇಳಿಸಿದರು. ಗೆದ್ದಲು ತಿಂದು ಅಂಚು ಜರಡಿಯಾಗಿತ್ತು. ಗೇಣಿ ಅಕ್ಕಿ ಎಷ್ಟು ಮುಡಿ, ಎಣ್ಣೆಗೆ ಎಷ್ಟಾಣೆ, ಎಲ್ಲ ಇತ್ತು. ಒಂದು ಪುಟದಲ್ಲಿ ಬೆರಳಿಟ್ಟು ಓದಿದರು: "ಕಪಿಲೆ ಕರು ಹಾಕಿತು. ಹೆಣ್ಣು." ಮಗಳು ಹುಟ್ಟಿದ್ದು ಯಾವ ಪುಟದಲ್ಲೂ ಇರಲಿಲ್ಲ.

"ನಿನ್ನ ಅಜ್ಜಿಯೂ ಆ ಕರುವೂ ಹೆಚ್ಚುಕಮ್ಮಿ ಒಂದೇ ಪ್ರಾಯ ಅಂತಿದ್ರು" ಅಂದರು ಅವರು. ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಅದನ್ನೇ ಬರೆದಿದ್ದೇನೆ.