ಸ್ಕ್ಯಾನ್‌ಗೆ ಸಿಗದ ಕಲ್ಲು

ಸರ್ಜನ್ ಆಗಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಮೇಲುಹೊಟ್ಟೆ ನೋವು, ಕಾಮಾಲೆ ಅಂತ 58 ವರ್ಷದ ಒಬ್ಬ ಅಮ್ಮ ಬಂದರು. ಊರಲ್ಲಿ ಸೊಪ್ಪಿನ ರಸ, ಪಥ್ಯ ಎಲ್ಲ ಮುಗಿಸಿಯೇ ಬಂದಿದ್ದರು.

ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ 7, ಅದರಲ್ಲಿ ಲಿವರ್ ಸಂಸ್ಕರಿಸಿದ ಭಾಗ (ಡೈರೆಕ್ಟ್) 5.5. ಪಿತ್ತನಾಳ ಕಟ್ಟಿಕೊಂಡಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಮಾಮೂಲಿನ ನಾಲ್ಕು ಪಟ್ಟು. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲು, ಪಿತ್ತನಾಳ 9 ಮಿ.ಮೀ., ನಾಳದಲ್ಲಿ ಕಲ್ಲು ಕಾಣಿಸಿಲ್ಲ. ಆ ‘ಕಾಣಿಸಿಲ್ಲ’ವನ್ನು ನಾನು ‘ಇಲ್ಲ’ ಅಂತ ಓದಿಕೊಂಡೆ. ಲಿವರಿನದೇ ತೊಂದರೆ ಇರಬೇಕು ಅಂತ ಹೆಪಟೈಟಿಸ್ ಟೆಸ್ಟ್‌ಗಳಿಗೆ ಬರೆದುಕೊಟ್ಟು ಎರಡು ದಿನ ಕಾದೆ.

ಮೂರನೇ ದಿನ ರೌಂಡ್ಸ್‌ನಲ್ಲಿ ಸಿಸ್ಟರ್ ಹೇಳಿದರು: “ಸಾರ್, ಆಯಮ್ಮ ರಾತ್ರಿಯೆಲ್ಲ ಮೈ ಕೆರ್ಕೊಂಡು ನಿದ್ದೇನೇ ಮಾಡಿಲ್ಲ.” ಪಿತ್ತ ಕಟ್ಟಿಕೊಂಡರೂ ಮೈ ತುರಿಸುತ್ತದೆ; ಮಲದ ಬಣ್ಣ ಹೇಗಿದೆ ಅಂತ ಕೇಳಲು ಆಗ ನೆನಪಾಯಿತು.

“ಬೂದಿ ಕಲಸ್ದಂಗೆ ಹೋಯ್ತದೆ ಸಾಮಿ. ನೀವು ಕೇಳ್ಲಿಲ್ವಲ್ಲ.”

ಪಿತ್ತ ಕರುಳಿಗೆ ಇಳಿಯುತ್ತಲೇ ಇರಲಿಲ್ಲ. ನಾಳದ ಕೆಳತುದಿ ಇರುವುದು ಸಣ್ಣಕರುಳಿನ ಮೊದಲ ಭಾಗವಾದ ಡುವೋಡಿನಮ್ ಹಿಂದೆ. ಅಲ್ಲಿನ ಗಾಳಿ ಅಲ್ಟ್ರಾಸೌಂಡನ್ನು ತಡೆಯುವುದರಿಂದ ಆ ಭಾಗದ ಕಲ್ಲು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 6 ಮಿ.ಮೀ. ಒಳಗಿರುವ ನಾಳ 9ಕ್ಕೆ ಹಿಗ್ಗಿದ್ದೇ ಸಾಕ್ಷಿಯಾಗಿತ್ತು. ಮೊದಲ ದಿನವೇ ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್) ಬರೆಯಬೇಕಿತ್ತು.

ಅಂದು ಮಧ್ಯಾಹ್ನವೇ ನಡುಕ, 103 ಡಿಗ್ರಿ ಜ್ವರ. ಕಟ್ಟಿ ನಿಂತ ಪಿತ್ತಕ್ಕೆ ಸೋಂಕು ತಗುಲಿತ್ತು: ಕೊಲಾಂಜೈಟಿಸ್. ನೋವು, ಜ್ವರ, ಕಾಮಾಲೆ ಮೂರೂ ಕೂಡಿದರೆ ಅದನ್ನೇ ನೆನೆಯಬೇಕು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನೇ ನಾನು. ಬ್ಲಡ್ ಕಲ್ಚರ್ ತೆಗೆದು ಆಂಟಿಬಯಾಟಿಕ್, ಡ್ರಿಪ್ ಶುರು ಮಾಡಿದೆವು. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 1.8 ಇತ್ತು, ಮಾಮೂಲಿಗಿಂತ ಹೆಚ್ಚು. ಕರುಳಿಗೆ ಪಿತ್ತ ಬಾರದಿದ್ದರೆ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಅದರ ಇಂಜೆಕ್ಷನ್ ಕೊಟ್ಟು, ಇಆರ್‌ಸಿಪಿ (ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಚಿಕಿತ್ಸೆ) ಸೌಲಭ್ಯವಿರುವ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಕಳಿಸಿದೆವು. ಅಲ್ಲಿ ಎಂಡೋಸ್ಕೋಪಿನ ಮೂಲಕ ನಾಳದ ಬಾಯಿ ಕೊಯ್ದು ಬಿಡಿಸಿದಾಗ ಮೊದಲು ಬಂದದ್ದು ಕೀವು. ಆಮೇಲೆ ಬಲೂನಿನಿಂದ ಎರಡು ಕಲ್ಲು ಎಳೆದು, ಪಿತ್ತ ಹರಿಯಲು ನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು.

ಜ್ವರ ಬಿಟ್ಟು ವಾಪಸ್ ಬಂದಾಗ ಮಗ ಕೇಳಿದ: “ಬಾಯಿಂದ ಪೈಪ್ ಹಾಕಿ ತೆಗೆದ್ರಲ್ಲ ಡಾಕ್ಟ್ರೇ, ಮತ್ತೆ ಆಪರೇಷನ್ ಯಾಕೆ?” ನ್ಯಾಯವಾದ ಪ್ರಶ್ನೆ. ಆ ಎರಡೂ ಪಿತ್ತಕೋಶದಿಂದ ಜಾರಿ ಬಂದವು, ಉಳಿದವು ಇನ್ನೂ ಅಲ್ಲೇ ಇವೆ ಅಂತ ಚಿತ್ರ ಬರೆದು ತೋರಿಸಿದೆ. ಅದೇ ವಾರ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದೆವು. ಕೊಯ್ದು ನೋಡಿದರೆ ಕಡಲೆಬೇಳೆ ಗಾತ್ರದವು, ಇಪ್ಪತ್ತಕ್ಕೂ ಹೆಚ್ಚು.