ಗೋಟಿನ ತಾಳ: ಆರನೇ ವಾರ

ಈ ವಾರ ಎರಡು ಗಂಟು ಬಿಚ್ಚಿದವು, ಒಂದು ಹೊಸದು ಬಿತ್ತು.

ಮರೆತವರಿಗೆ ಮೊದಲಿಂದ ಹೇಳಿಬಿಡುತ್ತೇನೆ. ಕಾಸರಗೋಡಿನ ನೀರ್ಚಾಲು ಹತ್ತಿರ ನಮ್ಮ ಮನೆ. ಅಂಗಳದ ತುಂಬಾ ಅಡಿಕೆ ಒಣಗುತ್ತಿದೆ. ಅಪ್ಪ ದಿನಾ ಅದರ ನಡುವೆ ಕಾಲೆಳೆದುಕೊಂಡು ನಡೆದು ಗೋಟು, ಅಂದರೆ ಸಿಪ್ಪೆ ಸಮೇತ ಒಣಗುವ ಅಡಿಕೆ, ತಿರುಗಿಸುತ್ತಾರೆ. ಒಣಗಿದಷ್ಟೂ ಆ ಗರಗರ ಸದ್ದು ಚಂದ. ಅದರ ಮೇಲೆ ಚೆಂಡೆ ಕೂರಿಸಿ ಮೂರು ನಿಮಿಷದ ಒಂದು ಟ್ರ್ಯಾಕ್ ಮಾಡಬೇಕು ಅನ್ನುವುದು ನನ್ನ ಹುಚ್ಚು.

ತಾಳ ತ್ರಿವುಡೆ, ಏಳು ಅಕ್ಷರ. ಒಂದು ಹೆಜ್ಜೆಗೆ ಒಂದು ಅಕ್ಷರ. ಅಪ್ಪನ ನಡಿಗೆ ಎಣಿಸಿ ನೋಡಿದರೆ ನಿಮಿಷಕ್ಕೆ 72ರ ಆಸುಪಾಸು. ನಾನು ಮಾಡಿದ್ದೇನು? ಚೆನ್ನಾಗಿ ಬಂದ ಏಳು ಹೆಜ್ಜೆ ಕತ್ತರಿಸಿದೆ, ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸಮ ಅಂತರದ ಗ್ರಿಡ್‌ಗೆ ಅಂಟಿಸಿದೆ, ಲೂಪ್ ಹಾಕಿದೆ. ಕೇಳಿದರೆ ಅಡಿಕೆ ಸುಲಿಯುವ ಮಿಷನ್ ಓಡಿದ ಹಾಗಿತ್ತು! ಮೂರು ವಾರ ಅದಕ್ಕೆ ರಿವರ್ಬ್ (ಪ್ರತಿಧ್ವನಿ) ಹಾಕು, ಇಕ್ಯೂ (ದಪ್ಪ-ತೆಳು ಸದ್ದಿನ ಹದ) ತಿರುಗಿಸು ಅಂತ ಒದ್ದಾಡಿದೆ. ತಪ್ಪು ಅಲ್ಲಿರಲೇ ಇಲ್ಲ.

ಮೊನ್ನೆ ಜಗಲಿಯಲ್ಲಿ ಚಾ ಕುಡಿಯುತ್ತಾ ಸುಮ್ನೆ ಅಪ್ಪನ ಕಾಲು ನೋಡುತ್ತಿದ್ದೆ. ಎಡ ಮೊಣಕಾಲು ನೋವು ಅವರಿಗೆ, ಹಾಗಾಗಿ ಎಡಗಾಲಿನ ಎಳೆತ ಮೆತ್ತಗೆ, ಸ್ವಲ್ಪ ತಡ. ಬಲಗಾಲು ಜೋರು. ಮನುಷ್ಯನಿಗೆ ಇರುವುದು ಎರಡು ಕಾಲು, ತಾಳಕ್ಕೆ ಏಳು ಅಕ್ಷರ. ಒಂದು ಆವರ್ತ ಬಲಗಾಲಲ್ಲಿ ಶುರುವಾದರೆ ಮುಂದಿನದು ಎಡಗಾಲಲ್ಲೇ ಶುರುವಾಗಬೇಕು ಅಲ್ವಾ? ಅಂದರೆ ಜೋರು ಹೆಜ್ಜೆ ಬೀಳುವ ಜಾಗ ಪ್ರತಿ ಆವರ್ತಕ್ಕೂ ತಿರುವುಮುರುವು. ಹದಿನಾಲ್ಕು ಹೆಜ್ಜೆ ಆದ ಮೇಲೆಯೇ ಮೊದಲಿನ ಜಾಗಕ್ಕೆ ವಾಪಸ್. ನನ್ನ ಏಳರ ಲೂಪ್‌ನಲ್ಲಿ ಬಲಗಾಲಿನ ಹಿಂದೆ ಮತ್ತೆ ಬಲಗಾಲೇ ಬರುತ್ತಿತ್ತು. ಹಾಗೆ ಯಾರು ನಡೆಯುತ್ತಾರೆ, ಕುಂಟಾಬಿಲ್ಲೆ ಆಡುವವರು ಬಿಟ್ಟು?

ಹದಿನಾಲ್ಕು ಹೆಜ್ಜೆಯ ತುಂಡು ತೆಗೆದೆ. ಹೆಜ್ಜೆಗಳನ್ನು ಗ್ರಿಡ್‌ಗೆ ಎಳೆದು ಕೂರಿಸುವ ಕ್ವಾಂಟೈಸ್ ತೆಗೆದುಹಾಕಿದೆ. ಎಡಗಾಲಿನ ತಡವನ್ನು ಮುಟ್ಟಲಿಲ್ಲ. ಚೆಂಡೆ ಬಾರಿಸುವ ಹುಡುಗನಿಗೆ ಹೆಡ್‌ಫೋನ್‌ನಲ್ಲಿ ಲಯ ಹಿಡಿಯಲು ಕೊಡುವ ಟಿಕ್ ಟಿಕ್ ಕ್ಲಿಕ್ ಬದಲು ಇದನ್ನೇ ಕೊಟ್ಟೆ. ಎರಡನೇ ಟೇಕ್‌ಗೇ ಅವನು ಎಡಗಾಲಿಗೆ ಕಾದು ಪೆಟ್ಟು ಹಾಕತೊಡಗಿದ. ನಾನು ಹೇಳಿಕೊಟ್ಟದ್ದಲ್ಲ.

ಎರಡನೇ ಗಂಟು ಶ್ರುತಿಯದ್ದು. ಬಿಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿ) ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟು ರೆಕಾರ್ಡ್ ಮಾಡಿದ್ದೆ. ತಳದಲ್ಲಿ ಒಂದು ಸಣ್ಣ ಅಲೆ ಏರಿಳಿಯುತ್ತಿತ್ತು. ಆಹಾ, ತಂಬೂರಿಯ ಜೀವ ಬಂತು ಅಂತ ನಾನು ಬೀಗಿದ್ದೇ ಬೀಗಿದ್ದು. ಪದ ಹೇಳಲು ಬಂದವರಿಗೆ ಕಪ್ಪು ಒಂದು, ಅಂದರೆ ಅದರ ಮೇಲಿನ ಕಪ್ಪು ಮನೆಯ ಶ್ರುತಿ, ಬೇಕಿತ್ತು. ಏರಿಸಿದೆ. ಅಲೆ ನಡುಕವಾಯಿತು. "ಇದೆಂತ, ಶ್ರುತಿಗೆ ಚಳಿಜ್ವರವಾ?" ಅಂದರು ಅವರು.

ಕೂತು ಲೆಕ್ಕ ಹಾಕಿದೆ. ನಮ್ಮ ಕರೆಂಟು 50 ಹರ್ಟ್ಸ್. ಅದರ ಗುಂಯ್ ಸದ್ದು 100ರಲ್ಲೂ ಕೇಳುತ್ತದೆ. ಬಿಳಿ ಒಂದರ ಕೆಳಗಿನ ಪಂಚಮ 98. ಹತ್ತಿರದ ಎರಡು ಸ್ವರ ಒಟ್ಟಿಗೆ ಮೊಳಗಿದರೆ ಅವುಗಳ ವ್ಯತ್ಯಾಸದಷ್ಟು ಅಲೆ ಏಳುತ್ತದೆ. ಇಲ್ಲಿ ಸೆಕೆಂಡಿಗೆ ಎರಡು ಅಲೆ, ಕೇಳಲು ಹಿತ. ಕಪ್ಪು ಒಂದರ ಪಂಚಮ ಸುಮಾರು 103.8. ಅಲ್ಲಿಗೆ ಹತ್ತಿರಹತ್ತಿರ ನಾಲ್ಕು ಅಲೆ, ಚಳಿಜ್ವರ. ನಾನು ತಂಬೂರಿಯ ಜೀವ ಅಂದುಕೊಂಡದ್ದು ಲ್ಯಾಪ್‌ಟಾಪ್ ಚಾರ್ಜರಿನ ಹಮ್! ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ, ಶುದ್ಧ ಮೌನ. ನಾಚಿಕೆಯ ವಿಷಯ ಏನೆಂದರೆ, ಈಗ ಬಿಳಿ ಒಂದರ ಹಳೇ ಟೇಕ್ ಕೇಳಿದರೆ ಅದೇ ಚಂದ ಅನ್ನಿಸುತ್ತದೆ. ಆದರೂ ಹೊಸದನ್ನೇ ಇಟ್ಟಿದ್ದೇನೆ. ಹಾಡುವವರ ಗಂಟಲು ಮುಖ್ಯ.

ಚೆಂಡೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಬಾರಿಸಿದರೆ ಗೋಡೆಯೆಲ್ಲ ಕಿರುಚುತ್ತದೆ. ದನದ ಹಟ್ಟಿಯ ಪಕ್ಕ ಬೈಹುಲ್ಲಿನ ರಾಶಿ ಇರುವಲ್ಲಿ ನಿಲ್ಲಿಸಿ, ಮೈಕನ್ನು ಎಂಟು ಅಡಿ ದೂರ ಇಟ್ಟೆ. ಪೆಟ್ಟಿನ ಸದ್ದು ಒಡೆಯಲಿಲ್ಲ. ಒಂದೊಳ್ಳೆ ಟೇಕ್ ಮಾತ್ರ ಲಾಟರಿ ಮಾರುವ ಗಾಡಿಗೆ ಬಲಿಯಾಯಿತು. ಸರಿಯಾಗಿ ಮುಕ್ತಾಯದ ಹೊತ್ತಿಗೆ ಮಲಯಾಳದಲ್ಲಿ ಬಹುಮಾನದ ಮೊತ್ತ!

ಹೊಸ ಗಂಟು ಟ್ರ್ಯಾಕನ್ನು ಮುಗಿಸುವುದು ಹೇಗೆ ಅನ್ನುವುದು. ಟ್ರ್ಯಾಕ್ 2 ನಿಮಿಷ 40 ಸೆಕೆಂಡಿಗೆ ಬಂದು ನಿಂತಿದೆ. ಕೊನೆಗೆ ಸದ್ದು ಮೆಲ್ಲ ಇಳಿಸುತ್ತಾ ಫೇಡ್‌ಔಟ್ ಮಾಡಿದೆ, ಅಪ್ಪ ಬಾವಿ ಕಡೆ ಹೋಗಿಬಿಟ್ಟ ಹಾಗೆ ಕೇಳಿಸಿತು. ಅಳಿಸಿದೆ. ಮುಂದಿನ ವಾರ ಗೋಟನ್ನು ಗುಡ್ಡೆ ಹಾಕಿ ಗೋಣಿಗೆ ತುಂಬುತ್ತಾರೆ. ಆ ಎಳೆದು ಸುರಿಯುವ ಸದ್ದು ಸಿಗುವುದು ಒಂದೇ ಸಲ. ಮೈಕ್ ಎಲ್ಲಿಡಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದೇನೆ. ಚಾರ್ಜರ್ ಒಳಗೇ ಇರುತ್ತದೆ.