ಚೀಲದ ತೂಕ ಕಳೆಯದೆ ಅಳೆದ ಹಸಿರು

2022ರ ಫೆಬ್ರವರಿ ಮೊದಲ ವಾರ. ಮುಧೋಳ ಕಡೆಯ ಕಬ್ಬಿನ ರೈತರೊಬ್ಬರು ಫೋನ್ ಮಾಡಿದರು. "ಅಕ್ಕಾರ, ಬೆಳಿ ಸೊರಗೇತಿ ಅಂತ ಮೆಸೇಜ್ ಬಂದೈತ್ರಿ. ನಾ ಹೊಲದಾಗ ನಿಂತೇನಿ. ಕಬ್ಬು ಚಲೋನ ಐತಲ್ರಿ?"

ಆ ಮೆಸೇಜ್ ಕಳಿಸಿದ್ದು ನಾವೇ. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಉಪಗ್ರಹದ ಚಿತ್ರ ನೋಡಿ ಬೆಳೆ ಹೇಗಿದೆ ಅಂತ ರೈತರಿಗೆ ತಿಳಿಸುವುದು ನಮ್ಮ ಕೆಲಸ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು 5 ದಿನಕ್ಕೊಮ್ಮೆ, ಬೆಳಿಗ್ಗೆ ಸುಮಾರು 11ಕ್ಕೆ, ನಮ್ಮ ಹೊಲಗಳ ಮೇಲೆ ಹಾದು ಹೋಗುತ್ತವೆ. ಚಿತ್ರಕ್ಕೆ ದುಡ್ಡಿಲ್ಲ. ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಗೆ ಸುಮಾರು 40 ಪಿಕ್ಸೆಲ್ ಸಿಗುತ್ತದೆ.

ನಾನು ಅವರಿಗೆ ಏನು ಹೇಳಿದೆ ಅನ್ನೋದು ಇವತ್ತಿಗೂ ನೆನಪಿದೆ. "ಕಣ್ಣಿಗೆ ಕಾಣೋ ಮೊದಲೇ ಉಪಗ್ರಹಕ್ಕೆ ಗೊತ್ತಾಗುತ್ತೆ ಕಾಕಾ, ನಾಲ್ಕು ದಿನ ನೋಡಿ" ಅಂದೆ. ಅವರು ನಾಲ್ಕು ದಿನ ಕಾಯಲಿಲ್ಲ. ನಮ್ಮ ಮಾತು ನಂಬಿ ಯೂರಿಯಾ ತಂದು ಹಾಕಿದರು. ಹೊಲದಲ್ಲಿ ನಿಂತು ಕಣ್ಣಾರೆ ನೋಡುತ್ತಿದ್ದವರಿಗಿಂತ ನನ್ನ ಪರದೆ ಮೇಲಿನ ಅಂಕಿ ಹೆಚ್ಚು ಅಂತ ನಾನು ನಂಬಿದ್ದೆ. ಅವರನ್ನೂ ನಂಬಿಸಿದ್ದೆ.

ಆ ಅಂಕಿ ಯಾವುದು ಅಂತ ಸ್ವಲ್ಪ ಹೇಳಬೇಕು. ಹೆಸರು ಎನ್‌ಡಿವಿಐ. ಚೆನ್ನಾಗಿರುವ ಎಲೆ ಕೆಂಪು ಬೆಳಕನ್ನು ಊಟದ ಹಾಗೆ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಎಲೆ ಜಾಸ್ತಿ ಇದ್ದಷ್ಟೂ ಅಂಕಿ 1ರ ಕಡೆ ಹೋಗುತ್ತದೆ.

ಜನವರಿ ಕೊನೆಯಲ್ಲಿ ಈ ಅಂಕಿ ಎಲ್ಲ ಕಡೆ ಬಿತ್ತು. ಆಫೀಸಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅದಕ್ಕೆ ಕಾರಣ ಕಡಲೆ. ನಮ್ಮ ಹೊಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗದಗ ಜಿಲ್ಲೆಯ ಎರೆಭೂಮಿಯ ಕಡಲೆ. ಆ ಹೊತ್ತಿಗೆ ಕಡಲೆ ಹಣ್ಣಾಗುತ್ತದೆ, ಎಲೆ ಹಳದಿ ತಿರುಗಿ ಉದುರುತ್ತದೆ, ಕೀಳೋಕೆ ಆಳು ಹುಡುಕುವ ಕಾಲ. ಅಂಕಿ ಬೀಳಲೇಬೇಕು. ಗ್ರಾಫ್ ನೋಡಿದರೆ ಪ್ರತಿವರ್ಷದ ಇಳಿಜಾರಿನ ಹಾಗೇ ಇತ್ತು. ತಪ್ಪು ಆ ಇಳಿಜಾರಿನೊಳಗೆ ಅಡಗಿ ಕೂತಿತ್ತು. ಕಬ್ಬು ಒಂದೇ ಅದನ್ನು ಹೊರಗೆ ಹಾಕಿದ್ದು, ಯಾಕಂದ್ರೆ ಅಕ್ಟೋಬರಿನಲ್ಲಿ ನಾಟಿ ಮಾಡಿದ ಕಬ್ಬು ಫೆಬ್ರವರಿಯಲ್ಲಿ ಏರುವ ಬೆಳೆ.

ಫೋನ್ ಇಟ್ಟ ಮೇಲೆ ಮನಸ್ಸು ಸಮಾಧಾನ ಆಗಲಿಲ್ಲ. ಸಂಜೆ ಕೂತು ಆಲಮಟ್ಟಿ ಹಿನ್ನೀರಿನ ನಡುಮಧ್ಯದ ಒಂದು ಪಿಕ್ಸೆಲ್ ತೆಗೆದೆ. ಆಳದ ತಿಳಿನೀರು ಅವಕೆಂಪು ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತದೆ. ವಾಪಸ್ ಬರುವುದು ಶೇಕಡ 1 ಅಥವಾ 2. ನಮ್ಮ ಫೈಲಿನಲ್ಲಿ ಜನವರಿ ಮಧ್ಯದವರೆಗೆ ಹಾಗೇ ಇತ್ತು. ಆಮೇಲಿನ ಚಿತ್ರದಲ್ಲಿ ಶೇಕಡ 12! ನೀರು ರಾತ್ರೋರಾತ್ರಿ ಬೆಳ್ಳಗಾಗುತ್ತಾ? ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇ ನೋಡಿದೆ. ಡಾಂಬರು ಕೂಡ ಅಷ್ಟೇ ಬೆಳ್ಳಗಾಗಿತ್ತು. ನೀರಿಗೂ ಡಾಂಬರಿಗೂ ಕಬ್ಬಿಗೂ ಸೇರಿದ್ದು ಒಂದೇ ಅಂಕಿ, ಕರಾರುವಾಕ್ಕಾಗಿ ಶೇಕಡ 10.

ಅಲ್ಲಿಗೆ ವಿಷಯ ಹೊರಬಿತ್ತು. ಸೆಂಟಿನೆಲ್-2 ಚಿತ್ರದಲ್ಲಿ ಪ್ರತಿಫಲನವನ್ನು, ಅಂದರೆ ಬಿದ್ದ ಬೆಳಕಿನಲ್ಲಿ ವಾಪಸ್ ಬರುವ ಪಾಲನ್ನು, 10,000ದಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟಿರುತ್ತಾರೆ. ಕಪ್ಪು ನೀರು, ದಟ್ಟ ನೆರಳು ಇಂಥ ಕಡೆ ಗಾಳಿಯ ಮಂಜಿನಿಂದ ಬಂದ ಬೆಳಕನ್ನು ಲೆಕ್ಕದಲ್ಲಿ ಕಳೆದಾಗ ಅಂಕಿ ಸೊನ್ನೆಗಿಂತ ಕೆಳಗೂ ಹೋಗಬಹುದು. ಆದರೆ ಆ ಫೈಲಿನಲ್ಲಿ ಋಣ ಸಂಖ್ಯೆಗೆ ಜಾಗ ಇರಲಿಲ್ಲ, ಕತ್ತರಿಸಿ ಹೋಗುತ್ತಿತ್ತು. ಅದನ್ನು ಉಳಿಸೋಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರ ಜನವರಿ 25ರಿಂದ ಪ್ರತಿ ಪಿಕ್ಸೆಲ್‌ಗೂ 1000 ಕೂಡಿಸಿ ಕೊಡಲು ಶುರು ಮಾಡಿತು. ಬಳಸುವವರು 1000 ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು. ಒಳ್ಳೆಯ ಬದಲಾವಣೆಯೇ. ಮೊದಲೇ ತಿಳಿಸಿಯೂ ಇದ್ದರು. ನಮ್ಮಲ್ಲಿ ಯಾರೂ ಓದಿರಲಿಲ್ಲ.

ಇದು ಕಬ್ಬಿಗೆ ಏನು ಮಾಡಿತು ಅಂತ ನೋಡಿ. ಕೆಂಪು 500, ಅವಕೆಂಪು 4000 ಇದ್ದ ಹೊಲ. ವ್ಯತ್ಯಾಸ 3500, ಮೊತ್ತ 4500. ಎನ್‌ಡಿವಿಐ 0.78. ಎರಡಕ್ಕೂ 1000 ಸೇರಿದರೆ 1500 ಮತ್ತು 5000. ವ್ಯತ್ಯಾಸ ಅದೇ 3500. ಮೊತ್ತ ಮಾತ್ರ 6500. ಎನ್‌ಡಿವಿಐ 0.54. ಒಂದು ಎಲೆಯೂ ಬಾಡಿಲ್ಲ, ಅಂಕಿ ಮಾತ್ರ ಕಾಲು ಭಾಗಕ್ಕಿಂತ ಜಾಸ್ತಿ ಕುಸಿದಿದೆ. ನಮ್ಮ ಎಚ್ಚರಿಕೆ ಮೆಸೇಜ್ ಹೊರಡೋಕೆ 0.15 ಇಳಿದರೆ ಸಾಕಿತ್ತು.

ಮರುದಿನ ಆ ರೈತರಿಗೆ ನಾನೇ ಫೋನ್ ಮಾಡಿದೆ. ಈ ಕೂಡಿಸಿದ 1000ಕ್ಕೆ ಆಫ್‌ಸೆಟ್ ಅಂತಾರೆ, ಅದನ್ನೆಲ್ಲ ಹೇಳೋದು ಬೇಡ ಅನ್ನಿಸಿತು. "ಎಪಿಎಂಸಿಯಲ್ಲಿ ಚೀಲದ ತೂಕ ಕಳೀತಾರಲ್ಲ ಕಾಕಾ, ನಾವು ಅದನ್ನ ಕಳೀದೇ ತೂಗಿದ್ವಿ. ತಪ್ಪು ನಮ್ದು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ನನ್ನ ಬೆಳಿ ಮೊದಲಿನಂಗನ ಐತಿ ಅನ್ರಿ" ಅಂದರು. ಹೌದು ಅಂದೆ. ಯೂರಿಯಾದ ಮಾತು ಅವರು ಎತ್ತಲಿಲ್ಲ. ನಾನೇ ಎತ್ತಿ ಕ್ಷಮೆ ಕೇಳಿದೆ. ಅದೇ ದಿನ ಎಲ್ಲ ರೈತರಿಗೂ ತಿದ್ದುಪಡಿ ಮೆಸೇಜ್ ಹೋಯಿತು. ತಪ್ಪು ನಮ್ಮದು ಅಂತ ಅದರಲ್ಲಿ ಬರೆಯಬೇಕೋ ಬೇಡವೋ ಅಂತ ಆಫೀಸಿನಲ್ಲಿ ಒಂದು ಗಂಟೆ ವಾದ ಆಯಿತು. ಬರೆದೆವು.

ಚೀಲದ ತೂಕದ ಹೋಲಿಕೆ ನನಗೆ ಸುಮ್ನೆ ಹೊಳೆದದ್ದಲ್ಲ. ಎರಡು ವರ್ಷ ಮೊದಲು ರೋಣ ಕಡೆ ಕಡಲೆ ಹೊಲದಲ್ಲಿ ಅಳತೆ ಮಾಡುವಾಗಲೇ ಅದರ ಇನ್ನೊಂದು ಮುಖ ನೋಡಿದ್ದೆ.

ಹೊಲದಲ್ಲಿ ನಾವು ಬಳಸುವುದು ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋರೇಡಿಯೋಮೀಟರ್, ಅಂದರೆ ಒಂದೊಂದು ಬಣ್ಣದ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಯಂತ್ರ. ಜೊತೆಗೆ ಅಂಗೈಯಗಲದ ಒಂದು ಬಿಳಿ ಫಲಕ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 99ನ್ನು ಎಲ್ಲ ದಿಕ್ಕಿಗೂ ಸಮವಾಗಿ ಚೆಲ್ಲುವ ಫಲಕ ಅದು. ಮೊದಲು ಫಲಕ ಅಳೆಯಬೇಕು, ಆಮೇಲೆ ಗಿಡ, ಮತ್ತೆ ಫಲಕ. ಗಿಡದಿಂದ ಬಂದ ಬೆಳಕನ್ನು ಫಲಕದಿಂದ ಬಂದ ಬೆಳಕಿನಿಂದ ಭಾಗಿಸಿದರೆ ಪ್ರತಿಫಲನ. ಒಂದು ತೆಳುಮೋಡ ಅಡ್ಡ ಬಂದರೂ ಮತ್ತೆ ಫಲಕದಿಂದ ಶುರು. ಪಕ್ಕದಲ್ಲಿ ಬಿಳಿ ಅಂಗಿ ಹಾಕಿದವರು ನಿಂತರೆ ಅವರ ಅಂಗಿಯ ಬೆಳಕೂ ಗಿಡದ ಮೇಲೆ ಬೀಳುತ್ತದೆ. ಹಾಗಾಗಿ ನಾವೆಲ್ಲ ಕಪ್ಪು ಇಲ್ಲ ಕಡುನೀಲಿ ಬಟ್ಟೆ ಹಾಕಿ ಹೋಗುತ್ತಿದ್ದೆವು.

ಕಡಲೆ ಹೊಲದಲ್ಲಿ ಓಡಾಡಿದವರಿಗೆ ಗೊತ್ತು, ಆ ಗಿಡದ ಮೇಲೆಲ್ಲ ಹುಳಿ ಇರುತ್ತದೆ. ರಾತ್ರಿ ಹೊಲದ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿ ಇಟ್ಟುಕೊಳ್ಳುವ ಮನೆಗಳಿವೆ. ನಮ್ಮ ಕೈಗೆಲ್ಲ ಆ ಹುಳಿ, ಅದರ ಮೇಲೆ ಎರೆಮಣ್ಣಿನ ಧೂಳು. ಅದೇ ಕೈಯಲ್ಲಿ ಯಾರೋ ಫಲಕದ ಅಂಚು ಬಿಟ್ಟು ಮುಖವನ್ನೇ ಹಿಡಿದಿದ್ದರು. ಮೂರು ಬೆರಳಿನ ಗುರುತು, ಒಂದು ಕಡೆ ಕಂದು ಕಲೆ. ಮಧ್ಯಾಹ್ನದ ತನಕ ಯಾರೂ ನೋಡಲಿಲ್ಲ. ನೋಡಿದ ಮೇಲೆ ಬೋರ್‌ವೆಲ್ ಹತ್ರ ಹೋಗಿ, ಹರಿಯುವ ನೀರಿನ ಕೆಳಗೆ ಸಣ್ಣ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಒಣಗಿಸಿ, ಮತ್ತೆ ಅಳೆದೆವು.

ಬೆಳಿಗ್ಗೆಯ ಅಳತೆ ಎಷ್ಟು ಕೆಟ್ಟಿದೆ ಅಂತ ರಾತ್ರಿ ಲಾಡ್ಜಿನಲ್ಲಿ ಲೆಕ್ಕ ಹಾಕಿದೆ. ಫಲಕ ಕೊಳೆಯಾಗಿ ಶೇಕಡ 10ರಷ್ಟು ಮಂಕಾಗಿದೆ ಅಂತ ಇಟ್ಟುಕೊಳ್ಳೋಣ. ಆಗ ಕೆಂಪೂ ಅವಕೆಂಪೂ ಎರಡೂ ಒಂದೇ ಪ್ರಮಾಣದಲ್ಲಿ ಜಾಸ್ತಿ ಬರುತ್ತವೆ. ಮೇಲೆ ಭಾಗಿಸುವಾಗ ಆ ಪ್ರಮಾಣ ಹೊಡೆದುಹೋಗುತ್ತದೆ. ಎನ್‌ಡಿವಿಐ ಕದಲುವುದಿಲ್ಲ! ಕೊಳೆ ಕೆಂಪನ್ನು ಸ್ವಲ್ಪ ಹೆಚ್ಚು ನುಂಗುವುದರಿಂದ ನಿಜದಲ್ಲಿ ಚೂರು ವ್ಯತ್ಯಾಸ ಬಂತು, ಅಷ್ಟೇ. ನಾನು ಇಡೀ ಬೆಳಿಗ್ಗೆಯ ಕೆಲಸ ಹಾಳಾಯಿತು ಅಂದುಕೊಂಡಿದ್ದೆ.

ಅಂದರೆ ಗುಣಿಸಿದ ತಪ್ಪನ್ನು ಎನ್‌ಡಿವಿಐ ಸಹಿಸಿಕೊಳ್ಳುತ್ತದೆ, ಕೂಡಿಸಿದ ತಪ್ಪನ್ನು ಸಹಿಸುವುದಿಲ್ಲ. ತಕ್ಕಡಿಯೇ ಹತ್ತಕ್ಕೆ ಒಂಬತ್ತು ತೋರಿಸಿದರೆ ಎರಡು ಚೀಲದ ನಡುವಿನ ಪ್ರಮಾಣ ಕೆಡುವುದಿಲ್ಲ. ಚೀಲದ ತೂಕ ಸೇರಿಕೊಂಡರೆ ಕೆಡುತ್ತದೆ. ಕಬ್ಬಿನ ರವದಿ ಸುಡುವ ಹೊಗೆಯೂ ಈ ಎರಡನೇ ಜಾತಿಯದ್ದೇ. ಹೊಗೆ ತನ್ನದೇ ಬೆಳಕನ್ನು ಸೇರಿಸುತ್ತದೆ, ಅವಕೆಂಪಿಗಿಂತ ಕೆಂಪಿಗೆ ಜಾಸ್ತಿ ಸೇರಿಸುತ್ತದೆ. ಹೊಗೆ ಕವಿದ ದಿನ ಹೊಲ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ.

ಉಪಗ್ರಹ ನಡೆಸುವವರೂ ಸುಮ್ಮನೆ ಕೂತಿರುವುದಿಲ್ಲ. ಸೆಂಟಿನೆಲ್-2ರ ಒಳಗೇ ಸೂರ್ಯನ ಬೆಳಕನ್ನು ಚೆಲ್ಲುವ ಒಂದು ಫಲಕ ಇದೆ, ನಮ್ಮ ಬಿಳಿ ಫಲಕದ ಅಣ್ಣ ಅನ್ನಿ. ಅಮೆರಿಕದ ಲ್ಯಾಂಡ್‌ಸ್ಯಾಟ್-8 ಉಪಗ್ರಹ ತಿಂಗಳಿಗೊಮ್ಮೆ ತಿರುಗಿ ಚಂದ್ರನನ್ನು ನೋಡುತ್ತದೆ, ಚಂದ್ರನಲ್ಲಿ ಗಾಳಿ ಇಲ್ಲ, ಗಿಡ ಇಲ್ಲ, ಬದಲಾವಣೆ ಇಲ್ಲ. ಲಿಬಿಯಾದ ಮರಳುಗಾಡಿನ ಒಂದು ತುಂಡನ್ನು ಜಗತ್ತಿನ ಎಷ್ಟೋ ಉಪಗ್ರಹಗಳು ಅಳತೆಗಲ್ಲಿನ ಹಾಗೆ ಬಳಸುತ್ತವೆ. ನಮ್ಮ ಇಸ್ರೋದವರು ಕಛ್‌ನ ಚಿಕ್ಕ ರಣದಲ್ಲಿ ಇದೇ ಕೆಲಸ ಮಾಡಿದ್ದಾರೆ. ಇಷ್ಟೆಲ್ಲ ಇದ್ದೂ ಅಮೆರಿಕದ ಟೆರ್ರಾ ಉಪಗ್ರಹದ ಮೋಡಿಸ್ ಕ್ಯಾಮೆರಾ ವರ್ಷ ಕಳೆದಂತೆ ಮಂಕಾಗಿ, ಭೂಮಿಯ ಹಸಿರು ಕಡಿಮೆಯಾಗುತ್ತಿದೆ ಅನ್ನುವ ಹಾಗೆ ತೋರಿಸಿತ್ತು. ಆಮೇಲೆ ಹಳೆಯ ಚಿತ್ರಗಳನ್ನೆಲ್ಲ ತಿದ್ದಿ ಹೊಸದಾಗಿ ಕೊಟ್ಟರು.

ನಮ್ಮ ತಪ್ಪಿಗೆ ವಾಪಸ್ ಬರುತ್ತೇನೆ, ಯಾಕಂದ್ರೆ ಅದು ಅಲ್ಲಿಗೆ ಮುಗಿಯಲಿಲ್ಲ. ನಾವು ನಮ್ಮ ಕಂಪ್ಯೂಟರ್ ಕೋಡಿನಲ್ಲಿ ಒಂದು ಸಾಲು ಸೇರಿಸಿದೆವು: ಚಿತ್ರ 2022ರ ಜನವರಿ 25ರ ನಂತರದ್ದಾದರೆ 1000 ಕಳೆ. ಬಹಳ ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಸಲ ಹಿಂದಿನ ವರ್ಷಗಳ ಜೊತೆ ಹೋಲಿಸೋಕೆ 2018ರ ಚಿತ್ರಗಳನ್ನು ಹೊಸದಾಗಿ ಇಳಿಸಿದೆವು. ಆ ವರ್ಷದ ಬೆಳೆ 2018ಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಎಲ್ಲರಿಗೂ ಖುಷಿ. 2018ರಲ್ಲಿ ಉತ್ತರ ಕರ್ನಾಟಕದಲ್ಲಿ ಬರ ಇತ್ತು, ಹಾಗಾಗಿ ನಂಬೋದೂ ಸುಲಭ.

ನಾನು ಆಲಮಟ್ಟಿ ನೀರು ತೆಗೆದು ನೋಡಿದೆ. 2018ರಲ್ಲಿ ನೀರು ಬೆಳ್ಳಗಿತ್ತು.

ಅಷ್ಟರಲ್ಲಿ ಯುರೋಪಿನವರು ಹಳೆಯ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮತ್ತೆ ತಯಾರಿಸಿ ಕೊಡತೊಡಗಿದ್ದರು. 2018ರ ಚಿತ್ರಕ್ಕೂ ಈಗ 1000 ಸೇರಿತ್ತು. ನಮ್ಮ ಕೋಡು ತಾರೀಖು ನೋಡಿ ಕಳೆಯದೆ ಬಿಟ್ಟಿತ್ತು. ಬರದ ವರ್ಷ ಇದ್ದದ್ದಕ್ಕಿಂತ ಕೆಟ್ಟದಾಗಿ ಕಂಡಿತು. ಈ ಎರಡನೇ ತಪ್ಪು ನನಗೆ ಮೊದಲನೆಯದಕ್ಕಿಂತ ಜಾಸ್ತಿ ಭಯ ಹುಟ್ಟಿಸಿತು. ಬೆಳೆ ಸೊರಗಿದೆ ಅಂದರೆ ರೈತರು ಫೋನ್ ಮಾಡಿ ಜಗಳ ಆಡುತ್ತಾರೆ. ಬೆಳೆ ಚೆನ್ನಾಗಿದೆ ಅಂದರೆ ಯಾರು ಫೋನ್ ಮಾಡುತ್ತಾರೆ?

ಈಗ ನಾನಿರುವ ಕಡೆ ಯಾವ ಹೊಸ ಚಿತ್ರ ಬಂದರೂ ಹೊಲ ನೋಡುವ ಮೊದಲು ನೀರು, ರನ್‌ವೇ, ಬರಿ ಬಂಡೆ ಮೂರನ್ನೂ ನೋಡುತ್ತೇವೆ. ಮೂರೂ ಒಟ್ಟಿಗೆ ಕದಲಿದ್ದರೆ ಆ ದಿನ ಯಾವ ಮೆಸೇಜೂ ಹೋಗುವುದಿಲ್ಲ. ಬಂಡೆಯ ಮೇಲೆ ಮಳೆಗಾಲದಲ್ಲಿ ಹುಲ್ಲು, ಪಾಚಿ ಬರುತ್ತದೆ, ಜೂನ್‌ನಿಂದ ಅಕ್ಟೋಬರ್ ತನಕ ಅದನ್ನು ಬಿಡುತ್ತೇವೆ. ನೀರಿಗೂ ಮಳೆಗಾಲದಲ್ಲಿ ಕೆಂಪು ಹೊಳೆ ಸೇರುತ್ತದೆ. ಆ ತಿಂಗಳುಗಳಲ್ಲಿ ನಮಗೆ ಗಟ್ಟಿಯಾಗಿ ಉಳಿಯುವುದು ರನ್‌ವೇ ಒಂದೇ, ಅದೂ ಮೋಡ ಬಿಟ್ಟ ದಿನ.

ನಿಮ್ಮ ಹತ್ರ 2022ರ ಮೊದಲು ಬರೆದ ಕೋಡು ಇನ್ನೂ ಓಡುತ್ತಿದ್ದರೆ ಇವತ್ತೇ ತೆಗೆದು ನೋಡಿ. ತಾರೀಖಿನ ಮೇಲೆ ನಿರ್ಧಾರ ಮಾಡುವ ಸಾಲು ಇದ್ದರೆ ಅಳಿಸಿ. ಪ್ರತಿ ಚಿತ್ರದ ಜೊತೆ ಒಂದು ಮಾಹಿತಿ ಫೈಲ್ ಬರುತ್ತದೆ, ಎಷ್ಟು ಕಳೆಯಬೇಕು ಅನ್ನೋದು ಅದರಲ್ಲೇ ಇದೆ, ಅಲ್ಲಿಂದಲೇ ಓದಿಸಿ. ಉಪಗ್ರಹ ಚಿತ್ರಗಳನ್ನು ಆನ್‌ಲೈನ್‌ನಲ್ಲೇ ಲೆಕ್ಕ ಹಾಕಿಸುವ ಗೂಗಲ್ ಅರ್ಥ್ ಎಂಜಿನ್ ಬಳಸುವವರು 'ಹಾರ್ಮೊನೈಸ್ಡ್' ಅಂತ ಹೆಸರಿರುವ ಸಂಗ್ರಹ ತೆಗೆದುಕೊಳ್ಳಿ, ಅಲ್ಲಿ ಕಳೆದೇ ಕೊಟ್ಟಿರುತ್ತಾರೆ. ಅದರ ಮೇಲೆ ನೀವು ಇನ್ನೊಮ್ಮೆ 1000 ಕಳೆದುಬಿಟ್ಟೀರಿ, ಜೋಪಾನ.